ರಾಮಲಿಂಗಂ ಕಾಲು ಇಳಿಬಿಟ್ಟ ಜಾಗ

ನಾನು ಮಲಗುವ ಮಂಚದ ಕೆಳಗೆ ಒಂದು ಗುಂಡಿ ಇದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನಬೇಕು. ಅದಕ್ಕೆ ಕಲ್ಲು ಮಣ್ಣು ತುಂಬಿ, ಸಿಮೆಂಟು ಸುರಿದು, ಮೇಲೆ ಹಾಲುಬಣ್ಣದ ಟೈಲ್ಸ್ ಕೂರಿಸಿದ ಮೂರನೇ ದಿನವೇ ನಾನು ಹರಿಹರದಿಂದ ಎರಡು ಸೂಟ್‌ಕೇಸು, ಒಂದು ಕುಕ್ಕರು ಹಿಡಿದುಕೊಂಡು ಬಾಡಿಗೆಗೆ ಬಂದಿಳಿದೆ. ಕೊಯಮತ್ತೂರಿನ ಪಕ್ಕದ ಪೆರಿಯನಾಯಕನಪಾಳ್ಯದ ನೇಕಾರರ ಬೀದಿಯ ಆ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಎಂದು ನನಗೆ ಕೆಲಸ ಸಿಕ್ಕಿದ ಮಿಲ್ಲಿನಲ್ಲಿ ಯಾರೋ ಹೇಳಿದ್ದರು. ಆ ಆಸೆಗೇ ಬಂದವಳು ನಾನು. ಗುಂಡಿಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಗುಂಡಿ ಮನೆಯ ಯಜಮಾನ ರಾಮಲಿಂಗಂ ಅವರದು. ಗುಂಡಿಮಗ್ಗ ನೋಡದವರಿಗೆ ಹೇಳುತ್ತೇನೆ: ಮಗ್ಗ ನೆಲಮಟ್ಟದಲ್ಲೇ ಇರುತ್ತದೆ, ನೇಕಾರ ಗುಂಡಿಯ ಅಂಚಿನಲ್ಲಿ ಕೂತು ಎರಡೂ ಕಾಲನ್ನು ಒಳಗೆ ಬಿಟ್ಟು, ತಳದಲ್ಲಿರುವ ಹಲಗೆಗಳನ್ನು ತುಳಿಯುತ್ತಾ ನೇಯುತ್ತಾನೆ. ರಾಮಲಿಂಗಂ ಇಪ್ಪತ್ತೊಂದನೇ ವಯಸ್ಸಿಗೆ ಅದರಲ್ಲಿ ಕಾಲಿಳಿಸಿದವರು ಅರವತ್ತೆರಡಕ್ಕೆ ಮೇಲೆತ್ತಿದರು. ನಡುವೆ ಎದ್ದದ್ದು ಊಟಕ್ಕೆ, ಮದುವೆಗೆ ಮತ್ತು ಅಮಾವಾಸ್ಯೆಗೆ ಮಾತ್ರ ಎಂದು ಅವರ ಹೆಂಡತಿ ಜಾನಕಿಯಮ್ಮ ಹೇಳುತ್ತಾರೆ. ಅಮಾವಾಸ್ಯೆ ಈ ನೇಕಾರರಿಗೆ ಕಟ್ಟುನಿಟ್ಟಿನ ರಜ. ಅವತ್ತು ಲಾಳಿ ಮುಟ್ಟುವುದಿಲ್ಲ. ಕೈಮಗ್ಗದ ಸೀರೆ ಕೇಳುವವರೇ ಇಲ್ಲವಾದ ಮೇಲೆ ಮಗ್ಗ ಬಿಚ್ಚಿದರು, ಕೋಣೆ ಬಾಡಿಗೆಗೆ ಬಿಟ್ಟರು. ಗುಂಡಿ ಮುಚ್ಚುವಾಗ ರಾಮಲಿಂಗಂ ಒಂದು ಮಾತೂ ಆಡಲಿಲ್ಲವಂತೆ. ಕಾಫಿಪುಡಿಯ ಪೊಟ್ಟಣ ಕಟ್ಟಿಸಿಕೊಂಡು ಬರುತ್ತೇನೆಂದು ಅಂಗಡಿಗೆ ಹೋದವರು ಟೈಲ್ಸ್ ಒಣಗಿದ ಮೇಲೆ ಬರಿಗೈಯಲ್ಲಿ ಬಂದರಂತೆ.

ಮೊದಲ ದಿನ ನಾನು ನಮ್ಮೂರ ರೂಢಿಯಂತೆ "ಅಜ್ಜಾರೆ, ನಲ್ಲಿ ಎಲ್ಲೈತ್ರೀ?" ಅಂದೆ. ಎರಡು ದಿನ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೀಸೆಗೆ ಬಣ್ಣ ಹಚ್ಚುವ ಗಂಡಸನ್ನು ಅಜ್ಜ ಅನ್ನಬಾರದು ಎಂದು ಜಾನಕಿಯಮ್ಮ ಕಿವಿಯಲ್ಲಿ ಹೇಳಿದ ಮೇಲೆ ದೊಡ್ಡಪ್ಪ ಎಂದು ಬದಲಾಯಿಸಿದೆ, ಮುಖದ ಗಂಟು ಸಡಿಲವಾಯಿತು. ನನ್ನನ್ನು ಅವರು ಅಮ್ಮಣಿ ಅನ್ನುತ್ತಾರೆ. ಕೊಯಮತ್ತೂರಿನ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವುದೇ ಹಾಗೆ. ಅವರ ಕನ್ನಡಕ್ಕೆ ತಮಿಳಿನ ರಾಗ, ಅರ್ಧ ಮಾತು ತಮಿಳೇ. ಕನ್ನಡ ಓದಲು ಬರುವುದಿಲ್ಲ. ನನ್ನ ಮೇಜಿನ ಮೇಲಿನ ಕಾದಂಬರಿಯನ್ನು ಒಮ್ಮೆ ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, "ಎಳುತ್ತೆಲ್ಲ ಒಳ್ಳೆ ನೇಯ್ಗೆ ಥರ ಇದೆ ಅಮ್ಮಣಿ" ಎಂದು ಅಕ್ಷರಗಳನ್ನು ಮೆಚ್ಚಿ ಇಟ್ಟರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ. ದೊಡ್ಡಪ್ಪ ದಿನಕ್ಕೆ ನಾಲ್ಕು ಸಲ ಏನಾದರೂ ನೆಪ ತೆಗೆದು ನನ್ನ ಬಾಗಿಲಿಗೆ ಬರುತ್ತಿದ್ದರು.

"ಅಮ್ಮಣಿ, ಫ್ಯಾನು ಸರಿಯಾ ಸುತ್ತುತಾ?"

ಕೇಳುವುದು ಫ್ಯಾನು, ಕಣ್ಣು ಮಂಚದ ಕೆಳಗೆ. ಇಲಿ ಬಂತಾ, ಹಲ್ಲಿ ಬಂತಾ, ಟೈಲ್ಸು ಕೂಗುತ್ತಾ ಎಂದೆಲ್ಲ ವಿಚಾರಣೆ. ಟೈಲ್ಸು ಕೂಗುವುದು ಎಂದರೇನೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇರೆ ಹೊತ್ತಿನಲ್ಲಿ ಅವರಿಗೆ ಕೂರಲು ಜಾಗವೇ ಸಿಗುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತರೆ ಕಾಲು ಮಡಚುವುದೋ ಬಿಡುವುದೋ ತಿಳಿಯದೆ ಒದ್ದಾಡುತ್ತಿದ್ದರು. ಚಾಪೆಯ ಮೇಲೆ ಕೂತರೆ ಸೊಂಟ ಹಿಡಿಯುತ್ತಿತ್ತು. ಕೊನೆಗೆ ಮನೆಯ ಮುಂದಿನ ಚರಂಡಿಯ ಅಂಚು ಅವರಿಗೆ ಹದವಾಗಿ ಕಂಡಿತು. ಪಂಚೆ ಎತ್ತಿಕೊಂಡು, ಎರಡೂ ಕಾಲು ಚರಂಡಿಯೊಳಗೆ ಇಳಿಬಿಟ್ಟು, ಪೇಪರು ಬಿಡಿಸಿ ಕೂತರೆ ಬೀದಿಯ ಜನ ನಿಂತು ನೋಡುತ್ತಿದ್ದರು.

ಜಾನಕಿಯಮ್ಮನ ಮಾನ ಹೋಯಿತು. ಒಂದು ದಿನ ನನ್ನ ಕೈ ಹಿಡಿದು, ಗಂಡನಿಗೊಂದು ಕೆಲಸ ಕೊಡಿಸೆಂದು ಬೇಡಿಕೊಂಡರು.

"ಅಮ್ಮಣಿ, ಇವ್ರನ್ನ ನಿಮ್ಮ ಮಿಲ್ಲಿಗೆ ಕೂಟ್ಕೊಂಡು ಹೋಗು. ಯಾವ ವೇಲೆನಾದ್ರೂ ಸರಿ. ಸಾಕಡೆಯೊಳಗೆ ಕಾಲು ಇಟ್ಕೊಂಡು ಕೂತಿದ್ರೆ ನಾನು ಹೆಂಗೆ ಬೀದೀಲಿ ತಲೆ ಎತ್ತೋದು?"

ನಾನು ಊರಾಚೆಯ ಒಂದು ನೂಲಿನ ಮಿಲ್ಲಿನಲ್ಲಿ ಆಡಳಿತ ವಿಭಾಗದವಳು. ಹಾಸ್ಟೆಲು, ಕ್ಯಾಂಟೀನು, ತೋಟ, ನಾಯಿ ಕಚ್ಚಿದರೆ ಇಂಜೆಕ್ಷನ್ನು, ಹೀಗೆ ಯಾರದೂ ಅಲ್ಲದ ಕೆಲಸವೆಲ್ಲ ನನ್ನದು. ಆಗ ನನ್ನ ತಲೆ ತಿನ್ನುತ್ತಿದ್ದದ್ದು ಒಂದು ಏರಿ. ಮಳೆನೀರು ನಿಲ್ಲಿಸಲು ಮಿಲ್ಲಿನ ಹಿಂದೆ ಕೊಳ ಕಟ್ಟಿ, ಸುತ್ತ ಕೆಂಪುಮಣ್ಣಿನ ಏರಿ ಹಾಕಿದ್ದರು. ಆಫೀಸಿನ ಕಡೆಗಿದ್ದ ಇಳಿಜಾರು ಎರಡಾಳೆತ್ತರ, ನೂರಡಿ ಉದ್ದ, ಮೇಕೆಯೂ ಯೋಚಿಸಿ ಹತ್ತಬೇಕಾದಷ್ಟು ಕಡಿದು. ಮಣ್ಣು ಹಿಡಿದುಕೊಳ್ಳಲಿ ಎಂದು ಹುಲ್ಲು ಬೆಳೆಸಿದ್ದರು. ಆ ಹುಲ್ಲನ್ನು ಸದಾ ನಾಲ್ಕು ಬೆರಳೆತ್ತರಕ್ಕೆ ಇಡಬೇಕು. ಹೆಚ್ಚು ಬೆಳೆದರೆ ಹಾವು ಸೇರುತ್ತದೆ, ಹಾಸ್ಟೆಲಿನ ಹುಡುಗಿಯರು ಕಿರುಚುತ್ತಾರೆ. ಬುಡಕ್ಕೆ ಕೊಯ್ದರೆ ಒಂದು ಜೋರು ಮಳೆಗೆ ಮಣ್ಣು ಜಾರಿ ಕ್ಯಾಂಟೀನಿನ ಸಾಂಬಾರಿಗೆ ಬರುತ್ತದೆ.

ಮೊದಲು ತೋಟದ ಮೇಸ್ತ್ರಿ ಭೂಪತಿ ಹೆಗಲಿಗೆ ಹುಲ್ಲು ಕತ್ತರಿಸುವ ಮೆಷಿನ್ನು ನೇತುಹಾಕಿಕೊಂಡು ಹತ್ತಿದ. ಮೆಷಿನ್ನು ಮೇಲೆ ಉಳಿಯಿತು, ಭೂಪತಿ ಕೆಳಗೆ ಬಂದ. ಹಿಮ್ಮಡಿ ಊದಿ ಮೂರು ತಿಂಗಳು ಮಲಗಿದ. ಆಮೇಲೆ ನಾಚಿಯಮ್ಮ ಅನ್ನುವವರ ಮೇಕೆಗಳನ್ನು ಕರೆಸಿದೆವು. ಅವು ಏರಿಯ ಹುಲ್ಲನ್ನು ಮೂಸಿ, ಜನರಲ್ ಮ್ಯಾನೇಜರರ ಕಿಟಕಿಯ ಕೆಳಗಿನ ಕ್ರೋಟನ್ ಗಿಡಗಳನ್ನೂ, 'ಆವರಣವನ್ನು ಹಸಿರಾಗಿಡಿ' ಎಂಬ ರಟ್ಟಿನ ಬೋರ್ಡನ್ನೂ ತಿಂದು ಹೋದವು. ಮೂರನೆಯದು ಹಗ್ಗದ ಉಪಾಯ. ಚಕ್ರದ ಮೆಷಿನ್ನಿಗೆ ಹಗ್ಗ ಕಟ್ಟಿ, ಬಾವಿಗೆ ಕೊಡ ಬಿಟ್ಟಂತೆ ಮೇಲಿನಿಂದ ಇಳಿಸಿ ಎಳೆಯುವುದು. ಎರಡನೇ ಸಲಕ್ಕೆ ಹಗ್ಗ ಬಿಚ್ಚಿಕೊಂಡು ಮೆಷಿನ್ನು ಒಬ್ಬಂಟಿಯಾಗಿ ಓಡಿ ಕ್ಯಾಂಟೀನಿನ ಗೋಡೆಗೆ ಗುದ್ದಿತು. ಒಳಗೆ ಪೊಂಗಲ್ ತಿನ್ನುತ್ತಿದ್ದವರು ಭೂಕಂಪ ಎಂದು ಎಲೆ ಬಿಟ್ಟು ಓಡಿದರು.

ಹೀಗಿರುವಾಗ ನಾನು ದೊಡ್ಡಪ್ಪನನ್ನು ಕರೆದುಕೊಂಡು ಹೋದೆ. ಒಳ್ಳೆಯ ಮನಸ್ಸಿನಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನ ಬಾಗಿಲು ತಟ್ಟುವುದು ನಿಂತರೆ ಸಾಕಿತ್ತು ನನಗೆ.

ಮೊದಲ ದಿನ ಅವರು ಕುಡುಗೋಲು ಹಿಡಿದು ನಾಲ್ಕು ಹೆಜ್ಜೆ ಹತ್ತಿ, ಕಾಲು ನಡುಗಿ, ಕೂತುಕೊಂಡೇ ಕೆಳಗೆ ಜಾರಿದರು. ಎರಡನೇ ದಿನವೂ ಜಾರಿದರು. ಪಂಚೆ ಮಾತ್ರ ನಡುವೆ ಒಂದು ಪೊದೆಗೆ ಸಿಕ್ಕಿಕೊಂಡು ಮೇಲೆ ಉಳಿಯಿತು. ಕಿಟಕಿಯಲ್ಲಿ ನಿಂತಿದ್ದ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಸಂಜೆ ಅವರ ಮುಖ ನೋಡಿ ಇವತ್ತಿಗೆ ಮುಗಿಯಿತು, ನಾಳೆಯಿಂದ ಮತ್ತೆ ಚರಂಡಿ ಎಂದುಕೊಂಡೆ.

ಮೂರನೇ ದಿನ ಅವರು ಮನೆಯಿಂದ ಹಾರೆ ತಂದರು. ಏರಿಯ ಬುಡದಲ್ಲಿ ಮೊಣಕಾಲಿನಷ್ಟು ಆಳದ ಒಂದು ಗುಂಡಿ ತೋಡಿದರು. ತೆಗೆದ ಮಣ್ಣನ್ನು ಕೆಳಗಿನ ಅಂಚಿಗೆ ಕಟ್ಟಿ ಗುದ್ದಿ ಗಟ್ಟಿ ಮಾಡಿದರು. ಆಮೇಲೆ ಅಂಚಿನಲ್ಲಿ ಕೂತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟರು. ನಾನು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದೆ. ಒಂದೂವರೆ ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಬೆನ್ನು ನೆಟ್ಟಗೆ ಮಾಡಿ ಕೂತದ್ದು ಕಂಡಿತು. ಕೂತ ಜಾಗದಿಂದ ಕೈ ಎಟಕುವಷ್ಟು ಹುಲ್ಲನ್ನು ಬಲಗೈಯಲ್ಲಿ ಒಂದು ಕಡೆ, ಎಡಗೈಯಲ್ಲಿ ಇನ್ನೊಂದು ಕಡೆ ಕೊಯ್ದರು. ಲಾಳಿ ಎಸೆದು ಹಿಡಿದ ಕೈಗಳಿಗೆ ಎಡ ಬಲ ಎಂಬ ಭೇದವಿಲ್ಲ. ಅದು ಮುಗಿದ ಮೇಲೆ ಪಕ್ಕದಲ್ಲಿ ಇನ್ನೊಂದು ಗುಂಡಿ.

ಎರಡು ತಿಂಗಳಲ್ಲಿ ಏರಿಯ ಮೇಲೆ ಅರವತ್ತನಾಲ್ಕು ಗುಂಡಿಗಳಾದವು. ಕುಳಿ ಎಂದು ಅವರು ಕರೆಯುತ್ತಿದ್ದರು. ಹುಲ್ಲು ಎಲ್ಲಿ ಅಳೆದರೂ ನಾಲ್ಕೇ ಬೆರಳು. ಕುಂಟುತ್ತಾ ಕೆಲಸಕ್ಕೆ ಬಂದ ಭೂಪತಿ ನೋಡಿ, ಇಷ್ಟೊಂದು ಕೋಳಿಗಳನ್ನು ಹೂಳುವವರು ಯಾರು ಎಂದು ಹೊಟ್ಟೆಯುರಿದುಕೊಂಡ. ದೊಡ್ಡಪ್ಪ ಬೆಳಿಗ್ಗೆ ಏಳಕ್ಕೇ ಟಿಫನ್ ಡಬ್ಬಿ ಹಿಡಿದು ನನಗಿಂತ ಮುಂಚೆ ಹೊರಡುತ್ತಿದ್ದರು. ಊಟಕ್ಕೆ ಒಂದು ಕುಳಿ, ಪೇಪರಿಗೆ ಒಂದು ಕುಳಿ, ಮಧ್ಯಾಹ್ನದ ತೂಕಡಿಕೆಗೆ ಬೇವಿನ ನೆರಳಿನ ಕುಳಿ. ನನ್ನ ಬಾಗಿಲಿಗೆ ಬರುವುದು ನಿಂತೇ ಹೋಯಿತು. ನಿಂತ ಮೇಲೆ ನನಗೇನೋ ಬೇಜಾರಾಯಿತು, ಅದು ಬೇರೆ ಮಾತು.

ಎಲ್ಲ ಸರಿಯಾಗಿದೆ ಅನ್ನುವಾಗ ಆದರ್ಶ್ ಬಂದ. ಮೈಸೂರಿನ ಹುಡುಗ, ಮಿಲ್ಲಿನ ಹೊಸ ಸುರಕ್ಷತಾ ಅಧಿಕಾರಿ. ಒಳ್ಳೆಯವನೇ, ಆದರೆ ಕಾಫಿ ಕುಡಿಯುವ ಮುಂಚೆಯೂ ಚೆಕ್‌ಲಿಸ್ಟ್ ನೋಡುವ ಜಾತಿ. ನಮ್ಮ ನೂಲು ಕೊಳ್ಳುವ ವಿದೇಶಿ ಕಂಪನಿಯವರು ಹತ್ತು ದಿನದಲ್ಲಿ ಆಡಿಟ್‌ಗೆ ಬರುವವರಿದ್ದರು. ಕಾರ್ಮಿಕರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಮೂಲೆಮೂಲೆ ಕೆದಕುವ ಆಡಿಟ್ ಅದು.

"ಮೇಡಂ, ಆರಡಿಗಿಂತ ಮೇಲೆ ಕೆಲಸ ಮಾಡೋರಿಗೆ ಬೆಲ್ಟು, ಹೆಲ್ಮೆಟ್ಟು, ಶೂ ಕಡ್ಡಾಯ," ಎಂದ ಆದರ್ಶ್. "ಅದು ಕೊಡೋಣ. ಆದರೆ ಈ ಗುಂಡಿಗಳು? ತೆರೆದ ಗುಂಡಿಗೆ ಸುತ್ತ ಬೇಲಿ ಇರಬೇಕು, ಅಪಾಯ ಅಂತ ಬೋರ್ಡು ಇರಬೇಕು. ಅರವತ್ತನಾಲ್ಕು ಬೇಲಿ, ಅರವತ್ತನಾಲ್ಕು ಬೋರ್ಡು ಹಾಕಿದರೆ ಹುಲ್ಲು ಎಲ್ಲಿ ಕಾಣುತ್ತೆ? ಮುಚ್ಚಿಸಿಬಿಡಿ."

ನನ್ನ ಸಿಟ್ಟು ನೆತ್ತಿಗೇರಿತು. ಆದರೂ ಅವನು ಹೇಳಿದ್ದು ಪುಸ್ತಕದ ಪ್ರಕಾರ ಸರಿ. ಹೇಳುವ ಕೆಲಸ ನನ್ನ ಪಾಲಿಗೇ ಬಂತು. ದೊಡ್ಡಪ್ಪ ನಲವತ್ತನೆಯದೋ ಏನೋ ಕುಳಿಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದರು. ಹೇಳಿದೆ. ಕೈಯಲ್ಲಿದ್ದ ತುತ್ತು ಡಬ್ಬಿಗೆ ಹಿಂದೆ ಹೋಯಿತು.

"ಒಂದು ದಪ ಮುಚ್ಚಿದ್ದು ಸಾಲ್ದಾ ಅಮ್ಮಣಿ?"

ಆ ಮೊದಲನೆಯದರ ಮೇಲೆ ಮಂಚ ಹಾಕಿಕೊಂಡು ಆರಾಮಾಗಿ ಗೊರಕೆ ಹೊಡೆಯುತ್ತಿದ್ದವಳು ನಾನೇ.

"ಅವತ್ತು ನಾನು ಬಾಯಿ ಬಿಡ್ಲಿಲ್ಲ," ಅಂದರು. "ಬಿಟ್ಟಿದ್ರೆ ಜಾನಕಿ ಕೇಳಿಸಿಕೊಂತಿದ್ಲು. ಇವತ್ತು ಹೇಳ್ತೀನಿ. ಇದನ್ನ ಮುಚ್ಚಿದ್ರೆ ನಾನು ವೇಲೆಗೆ ಬರಲ್ಲ. ನಿಂತ್ಕೊಂಡು ಕೊಯ್ಯೋಕೆ ನನ್ನ ಕೈಲಿ ಆಗಲ್ಲ. ಕುರ್ಚಿ ಹಾಕ್ಕೊಂಡು ಕೂರೋಕೂ ಆಗಲ್ಲ. ಎಲ್ಲಿ ಹೋಗ್ಲಿ ನಾನು?"

ಅವರು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ಡಬ್ಬಿಯ ಮುಚ್ಚಳವನ್ನು ಎರಡು ಸಲ ತಪ್ಪಾಗಿ ಹಾಕಿದರು, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಜನರಲ್ ಮ್ಯಾನೇಜರ್ ಶಕ್ತಿವೇಲ್ ಅವರ ಕೋಣೆಗೆ ನುಗ್ಗಿದೆ. ಕ್ರೋಟನ್ ಗಿಡ ಕಳೆದುಕೊಂಡ ದುಃಖದಲ್ಲಿ ಇನ್ನೂ ಇದ್ದ ಅವರಿಗೆ ಒಂದು ಆಸೆ ಇತ್ತು. ಮಿಲ್ಲಿನ ಗುರುತು ಸೊಂಡಿಲೆತ್ತಿದ ಆನೆ. ಅತಿಥಿಗಳು ಗೇಟಿನೊಳಗೆ ಬಂದ ಕೂಡಲೇ ಏರಿಯ ಹುಲ್ಲಿನಲ್ಲಿ ಆ ಆನೆ ಎದುರುಗೊಳ್ಳುವಂತೆ ಕಾಣಬೇಕು, ಅದು ಸಾಧ್ಯವಾ ಎಂದು ಆರು ತಿಂಗಳಿಂದ ಎಲ್ಲರನ್ನೂ ಕೇಳುತ್ತಿದ್ದರು. ಸಾಧ್ಯ ಎಂದೆ. ಆದರೆ ಮಾಡಬಲ್ಲವರು ಒಬ್ಬರೇ, ಅವರು ಕುಳಿಯಿಲ್ಲದೆ ಮಾಡಲಾರರು ಎಂದೆ.

"ಆಡಿಟ್ ಮುಗಿಯುವ ತನಕ ಕುಳಿ ಇರಲಿ," ಎಂದು ತೀರ್ಪು ಬಂತು. "ಅವರು ಏನಾದರೂ ಬರೆದರೆ ಮರುದಿನವೇ ಮುಚ್ಚಬೇಕು."

ಆದರ್ಶ್ ಆನೆಯ ಚಿತ್ರ ಪ್ರಿಂಟ್ ತೆಗೆದುಕೊಟ್ಟ. ಏರಿಗೆ ಎದುರಾಗಿ ನಿಂತರೆ ಎಡಗಡೆಗೆ ಗೇಟು, ಆನೆಯ ಮುಖವೂ ಎಡಕ್ಕೆ. ದೊಡ್ಡಪ್ಪ ಅದನ್ನು ಅಂಗೈ ಮೇಲಿಟ್ಟು ನೋಡಿ, "ಇದೇನು ಮಹಾ, ಸೆರಗಿಗೆ ಎಷ್ಟು ಯಾನೆ ಕೂರಿಸಿದ್ದೀನಿ," ಎಂದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಅದನ್ನು ತೆಗೆದು ನೋಡಿದ್ದನ್ನು ಯಾರೂ ಕಾಣಲಿಲ್ಲ. ಆನೆಯ ಮೈ ಇರುವಲ್ಲಿ ಹುಲ್ಲನ್ನು ಬೆಳೆಯಲು ಬಿಟ್ಟರು, ಸುತ್ತಲಿನದನ್ನು ಕುಳಿಯಿಂದ ಕುಳಿಗೆ ದಾಟುತ್ತಾ ಇಳಿಸುತ್ತಾ ಹೋದರು. ಒಂದು ವಾರ ಅದು ಯಾವ ಕಡೆಯಿಂದ ನೋಡಿದರೂ ಹಲಸಿನಹಣ್ಣಿನಂತೆ ಕಾಣುತ್ತಿತ್ತು. ಆದರ್ಶ್ ಬೆಂಕಿ ಆರಿಸುವ ಸಿಲಿಂಡರುಗಳನ್ನು ಎಣಿಸುವುದರಲ್ಲಿ ಮುಳುಗಿದ್ದ, ಆ ಕಡೆ ತಿರುಗಲಿಲ್ಲ.

ಆಡಿಟ್ ದಿನ ಬೆಳಿಗ್ಗೆ ನಾನು ಗೇಟಿಗೆ ಬಂದು ತಲೆ ಎತ್ತಿ ನೋಡಿದೆ. ಆನೆ ಬಂದಿತ್ತು. ಎಂಥ ಆನೆ! ಸೊಂಡಿಲು, ಕಿವಿ, ಕಾಲಿನ ಉಗುರು ಕೂಡ ಇತ್ತು. ಆದರೆ ಮುಖ ಆ ಕಡೆ, ಮಿಲ್ಲಿನ ಕಡೆಗೆ. ಗೇಟಿಗೆ ಬರುವ ಅತಿಥಿಗಳಿಗೆ ಕಾಣುತ್ತಿದ್ದದ್ದು ಗುಡಾಣದಂಥ ಹಿಂಭಾಗ, ಅದರ ಮೇಲೆ ಬಹಳ ಶ್ರದ್ಧೆಯಿಂದ ಕೊಯ್ದ ಒಂದು ಬಾಲ.

ಓಡಿ ಹೋಗಿ ಏರಿ ಹತ್ತಿದೆ. ದೊಡ್ಡಪ್ಪ ಹೆಲ್ಮೆಟ್ ಹಾಕಿಕೊಂಡು, ಎದೆಗೆ ಬೆಲ್ಟು ಬಿಗಿದುಕೊಂಡು, ಬೆಲ್ಟಿನ ಹಗ್ಗವನ್ನು ಮೇಲಿನ ಬೇವಿನಮರಕ್ಕೆ ಕಟ್ಟಿಸಿಕೊಂಡು ಕುಳಿಯಲ್ಲಿ ಕೂತಿದ್ದರು.

"ದೊಡ್ಡಪ್ಪ, ಆನೆ ತಿರುಗಿಬಿಟ್ಟಿದೆ!"

"ಆಮಾ. ನಾನೇ ತಿರುಗಿಸಿದ್ದು," ಎಂದರು ಶಾಂತವಾಗಿ. "ನೇಯೋನಿಗೆ ಮೇಲೆ ಕಾಣೋದು ಸೀರೆಯ ಹಿಂದುಗಡೆ ಅಮ್ಮಣಿ. ಒಳ್ಳೆ ಮುಖ ಕೆಳಗಡೆ ಇರುತ್ತೆ. ನನಗೆ ಬಲಕ್ಕೆ ಕಂಡ ಯಾನೆ, ಉಡೋರಿಗೆ ಎಡಕ್ಕೆ. ನಲವತ್ತು ವರ್ಷ ಹಂಗೇ ಕೂರಿಸಿದ್ದು. ನೋಡೋರು ಆ ಕಡೆಯಿಂದ ತಾನೇ ನೋಡೋದು?"

"ಆ ಕಡೆ ಅಂದ್ರೆ ಎಲ್ಲಿಂದ? ಮಣ್ಣಿನ ಒಳಗಿಂದಾನಾ?"

ಅವರು ಬಾಯಿ ತೆರೆದರು. ಏರಿಯನ್ನು ನೋಡಿದರು, ನೆಲವನ್ನು ನೋಡಿದರು, ಹುಲ್ಲನ್ನು ಸೆರಗಿನಂತೆ ಎರಡು ಬೆರಳಲ್ಲಿ ಹಿಡಿದು ಮಗುಚಲು ನೋಡಿದರು. ಆಮೇಲೆ ಹೆಲ್ಮೆಟ್ಟನ್ನು ಕಣ್ಣಿನ ಮೇಲೆ ಎಳೆದುಕೊಂಡರು.

"ಬಾಲಾನಾದ್ರೂ ಕೊಯ್ದುಬಿಡಿ, ಬೇಗ!" ಅಂದೆ.

"ಆಗಲ್ಲ. ಇವತ್ತು ಅಮಾಸೆ."

ಮರೆತೇ ಹೋಗಿತ್ತು. ಅಮಾವಾಸ್ಯೆಯ ದಿನ ಅವರು ಕುಡುಗೋಲು ಮುಟ್ಟುವುದಿಲ್ಲ. ನೀನು ಕರೆದೆ ಅಂತ ಬಂದು ಕೂತಿದ್ದೀನಿ, ಕೈ ಮಾತ್ರ ಆಡಿಸಲ್ಲ ಎಂದುಬಿಟ್ಟರು. ನನಗೆ ಅವರನ್ನು ಹಗ್ಗ ಸಮೇತ ಬೇವಿನಮರಕ್ಕೆ ನೇತುಹಾಕಬೇಕು ಅನಿಸಿತು. ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು.

ಆಡಿಟರು ದೆಹಲಿಯ ಕಡೆಯ ಒಬ್ಬ ಹಿರಿಯ ಹೆಂಗಸು, ಕತ್ತರಿಸಿದ ಬಿಳಿಗೂದಲು, ಮೂಗಿನ ಮೇಲೆ ಜಾರುವ ಕನ್ನಡಕ. ಕಾರಿನಿಂದಿಳಿದು ಏರಿಯನ್ನು ನೋಡಿದರು. ಪಕ್ಕದಲ್ಲಿ ಶಕ್ತಿವೇಲ್ ಅವರ ಮುಖ ಒಗೆದು ಹಿಂಡಿದ ಹಾಗಾಯಿತು.

"ನಿಮ್ಮ ಆನೆ ಕೆಲಸಕ್ಕೆ ಹೊರಟಿದೆಯಾ?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು.

"ಹೌದು ಮೇಡಂ, ಅದೇ ಉದ್ದೇಶ," ಎಂದು ಶಕ್ತಿವೇಲ್ ತಟ್ಟನೆ ಹೇಳಿದರು. ಅವರು ಜನರಲ್ ಮ್ಯಾನೇಜರ್ ಆದದ್ದು ಸುಮ್ಮನೆ ಅಲ್ಲ.

ಆಡಿಟಿನಲ್ಲಿ ಆಡಿಟರು ತಮಗೆ ತೋಚಿದ ಕಾರ್ಮಿಕರನ್ನು ಕರೆದು, ಮೇಲಿನವರಿಲ್ಲದೆ ಮಾತಾಡಿಸುತ್ತಾರೆ. ಆಕೆ ಬೆರಳು ತೋರಿಸಿದ್ದು ಹಗ್ಗ ಕಟ್ಟಿಕೊಂಡು ಸುಮ್ಮನೆ ಕೂತಿದ್ದ ಮನುಷ್ಯನ ಕಡೆ. ಯಾವ ಭಾಷೆ ಎಂದು ಕೇಳಿಸಿದರು. ದೊಡ್ಡಪ್ಪ ಜೀವನವಿಡೀ ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ತಮಿಳು ಮಾತಾಡಿದವರು. ಆದರೆ "ಮನೆ ಮಾತಲ್ಲೇ ಹೇಳ್ತೀನಿ. ಈ ಅಮ್ಮಣಿ ಇರಲಿ," ಎಂದು ನನ್ನ ಕಡೆ ಕೈ ಮಾಡಿದರು. ಇವರು ಆಡಳಿತದವರಲ್ಲವೇ ಎಂದು ಆಡಿಟರು ಹುಬ್ಬೇರಿಸಿದರು. ದೊಡ್ಡಪ್ಪನಿಗೆ ಅದನ್ನು ಹೇಳಿದೆ.

"ಇಲ್ಲ ಅಂತ ಹೇಳು. ಇವಳು ನಮ್ಮನೆಯೋಳು."

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ನನ್ನ ಬಾಯಿಂದಲೇ ಹೇಳಬೇಕಾಯಿತು.

ಆದರ್ಶ್ ಕೆಳಗೆ ನಿಂತು ಉಗುರು ಕಚ್ಚುತ್ತಿದ್ದ. ಆಡಿಟರು ಏರಿ ಹತ್ತಿ ಪಕ್ಕದ ಹುಲ್ಲಿನ ಮೇಲೆ ಕೂತು ಪಟ್ಟಿ ತೆಗೆದರು. ಇವತ್ತು ಯಾಕೆ ಕೆಲಸ ಮಾಡುತ್ತಿಲ್ಲ? ಅಮಾಸೆ. ಹಬ್ಬದ ರಜ ಕೊಡುತ್ತಾರೆ ಎಂದು ಆಕೆ ಗುರುತು ಹಾಕಿದರು. ಯಾರಾದರೂ ಬೈಯುತ್ತಾರಾ?

"ಬೈತಾರೆ."

"ಯಾರು?"

"ಜಾನಕಿ."

ಅದು ಹೆಂಡತಿ, ಮಿಲ್ಲಿಗೆ ಸಂಬಂಧವಿಲ್ಲ ಎಂದು ನಾನು ಬೇಗಬೇಗ ಸೇರಿಸಿದೆ. ಮುಂದಿನ ಪ್ರಶ್ನೆ ನೇರ ಕುಳಿಗೇ ಇಳಿಯಿತು. ಕೆಲಸದ ಜಾಗದಲ್ಲಿ ಕೂರಲು ಆಸನ ಕೊಟ್ಟಿದ್ದಾರಾ?

"ಅವ್ರು ಕೊಡ್ಲಿಲ್ಲ. ನಾನೇ ತೋಡ್ಕೊಂಡೆ. ಅರವತ್ತನಾಲ್ಕು," ಎಂದರು ದೊಡ್ಡಪ್ಪ. ಆಮೇಲೆ ಅವರ ಬಾಯಿಗೆ ಬೀಗ ಇರಲಿಲ್ಲ. "ಮಂಡಿ ಮಡಚೋ ಜಾಗದಿಂದ ಹಿಮ್ಮಡಿವರೆಗೆ ನೂಲು ಹಿಡಿದು ಅಳತೆ ತೆಗೀಬೇಕು. ಆಳ ಹೆಚ್ಚಾದ್ರೆ ತೊಡೆ ನೋವು, ಕಮ್ಮಿ ಆದ್ರೆ ಸೊಂಟ ನೋವು. ಒಬ್ಬನ ಕುಳಿ ಇನ್ನೊಬ್ಬನಿಗೆ ಆಗಲ್ಲ. ನನ್ನ ಮೊದಲನೇ ಕುಳಿ ನಮ್ಮಪ್ಪ ತೋಡಿಕೊಟ್ಟಿದ್ದು."

"ಅದು ಎಲ್ಲಿದೆ?" ಎಂದು ಆಡಿಟರು ಕೇಳಿದರು.

"ಇವಳ ಮಂಚದ ಕೆಳಗೆ."

ಅದನ್ನು ನಾನು ಅನುವಾದ ಮಾಡಲಿಲ್ಲ. ಅದು ಈಗ ಇಲ್ಲ ಎಂದಷ್ಟೇ ಹೇಳಿದೆ.

ಆಡಿಟರು ಪಕ್ಕದ ಕುಳಿಯ ಅಂಚಿಗೆ ಜರುಗಿ, ತಮ್ಮ ಶೂ ಕಾಲುಗಳನ್ನು ಒಳಗೆ ಬಿಟ್ಟು ನೋಡಿದರು. ಕಾಲು ನೆಲ ಮುಟ್ಟದೆ ತೂಗಾಡಿತು. ಆದರೂ ಐದು ನಿಮಿಷ ಹಾಗೇ ಕೂತಿದ್ದರು.

ಆಮೇಲೆ ಮಿಲ್ಲಿನ ಒಳಗೆ ಹೋದರು. ಅಲ್ಲಿ ನಮ್ಮ ಹುಡುಗಿಯರು ಎಂಟು ಗಂಟೆ ನಿಂತು, ನಡೆದು, ಮತ್ತೆ ನಿಂತು ನೂಲಿನ ಎಳೆ ಕೂಡಿಸುತ್ತಾರೆ. ಇವರಿಗೆ ಕೂರಲು ಏನಿದೆ ಎಂದು ಆಡಿಟರು ಕೇಳಿದರು. ಶಕ್ತಿವೇಲ್ ಆದರ್ಶನ ಮುಖ ನೋಡಿದರು, ಆದರ್ಶ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಎರಡು ವರ್ಷದಿಂದ ದಿನಾ ಅದೇ ದಾರಿಯಲ್ಲಿ ಓಡಾಡಿದ ನನಗೆ ಒಂದು ದಿನವೂ ಅದು ಹೊಳೆದಿರಲಿಲ್ಲ.

ವರದಿ ಬಂತು. ಪ್ರತಿ ಸಾಲಿಗೂ ಹುಡುಗಿಯರಿಗೆ ಸ್ಟೂಲು ಹಾಕಿಸಿ, ಒಂದು ತಿಂಗಳ ಗಡುವು. ಏರಿಯ ಕುಳಿಗಳಿಗೆ ಬೇಲಿ ಬೇಡ, ಒಂದೊಂದಕ್ಕೂ ನಂಬರು ಬರೆದ ಬೋರ್ಡು ಸಾಕು. ಇಡೀ ಕಾರ್ಖಾನೆಯಲ್ಲಿ ಕಾರ್ಮಿಕನ ಅಳತೆಗೆ ಮಾಡಿದ ಆಸನ ಇರುವುದು ಅಲ್ಲಿ ಮಾತ್ರ, ಅದನ್ನು ತೆಗೆಯತಕ್ಕದ್ದಲ್ಲ. ಓದಿ ಹೇಳಿದಾಗ ದೊಡ್ಡಪ್ಪ "ಹ್ಮ್" ಅಂದರು, ಅಷ್ಟೇ. ಆದರೆ ಅವತ್ತು ಸಂಜೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಮನೆಗೂ ಅವರೇ ಹೋಗಿ ಹೇಳಿ ಬಂದರು ಎಂದು ಜಾನಕಿಯಮ್ಮ ನಕ್ಕರು.

ನನಗೆ ಮಾತ್ರ ಮಂಚದ ಮೇಲೆ ನಿದ್ದೆ ಸರಿಬರಲಿಲ್ಲ. ಭಾನುವಾರ ಬೆಳಿಗ್ಗೆ ಮಂಚವನ್ನು ಆ ಗೋಡೆಗೆ ಎಳೆದು, ಹಾರೆ ತಂದು ದೊಡ್ಡಪ್ಪನ ಕೈಗೆ ಕೊಟ್ಟೆ.

"ತೋಡಿ. ನಾನು ಒಂದು ಮೂಲೇಲಿ ಇರ್ತೀನಿ."

"ಟೈಲ್ಸು ಒಡೆದ್ರೆ ಇಬ್ಬರ ಕಾಲೂ ಮುರೀತೀನಿ," ಎಂದು ಜಾನಕಿಯಮ್ಮ ಬಾಗಿಲಿಗೆ ಅಡ್ಡ ನಿಂತರು. ಕಣ್ಣು ಮಾತ್ರ ಗಂಡನ ಮೇಲೇ ಇತ್ತು.

ದೊಡ್ಡಪ್ಪ ಮಂಡಿಯೂರಿ ಕೂತು ಟೈಲ್ಸಿನ ಮೇಲೆ ಅಂಗೈ ಇಟ್ಟರು. ಆಮೇಲೆ ತಲೆಯೆತ್ತಿ ಮುಂದಿನ ಗೋಡೆ ನೋಡಿದರು.

"ಬೇಡ ಅಮ್ಮಣಿ. ಇಲ್ಲಿ ಕೂತು ನಲವತ್ತೊಂದು ವರ್ಷ ಈ ಗೋಡೇನೇ ನೋಡಿದ್ದೀನಿ. ಅಲ್ಲಿ ಏರಿ ಮೇಲೆ ಕೂತ್ರೆ ಬೆಟ್ಟ ಕಾಣುತ್ತೆ."

ಹಾರೆಯನ್ನು ಹೆಗಲಿಗೇರಿಸಿಕೊಂಡು ಹೊರಗೆ ಹೋದರು. ನಾನು ಮಂಚವನ್ನು ಮತ್ತೆ ಎಳೆಯಲಿಲ್ಲ. ಅದು ಆ ಗೋಡೆಯ ಪಕ್ಕದಲ್ಲೇ ಇದೆ.

ಸೋಮವಾರ ಮಧ್ಯಾಹ್ನ ಅವರು ಆಫೀಸಿಗೆ ಹೇಳಿ ಕಳಿಸಿದರು. ಹೋದೆ. ಬೇವಿನಮರದ ಬುಡದಲ್ಲಿ, ಆನೆಯ ಸೊಂಡಿಲಿನ ತುದಿಯಲ್ಲಿ, ಹಸಿಮಣ್ಣಿನ ಹೊಸ ಕುಳಿ.

"ಇದು ಯಾರಿಗೆ?"

"ಕೂತು ನೋಡು."

ಚಪ್ಪಲಿ ಬಿಟ್ಟು ಕಾಲಿಳಿಸಿದೆ. ತೊಡೆ ಅಂಚಿಗೆ ಒರಗಿತು, ಪಾದ ತಣ್ಣನೆಯ ಮಣ್ಣಿಗೆ ಸರಿಯಾಗಿ ತಗುಲಿತು, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ನೀನು ಜಗಲಿ ಮೇಲೆ ಕೂತು ಫೋನಿನಲ್ಲಿ ನಿಮ್ಮಮ್ಮನ ಹತ್ರ ಜಗಳ ಆಡ್ತಿದ್ದಾಗ ಜಾನಕಿ ಹಿಂದಿನಿಂದ ನೂಲು ಹಿಡಿದು ಅಳತೆ ತಗೊಂಡ್ಲು ಎಂದು ದೊಡ್ಡಪ್ಪ ಹೇಳಿದರು. ನನ್ನ ಕಾಲು ತೀರಾ ಗಿಡ್ಡವಂತೆ, ತೋಡಲು ಕಷ್ಟವೇ ಆಗಲಿಲ್ಲವಂತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹರಿಹರ ಬಿಟ್ಟು ಎರಡು ವರ್ಷವಾಗಿತ್ತು. ಅಷ್ಟು ದಿನದಲ್ಲಿ ನನ್ನ ಅಳತೆಗೆ ಅಂತ ಯಾರೂ ಏನೂ ಮಾಡಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ದೊಡ್ಡಪ್ಪ ಬೆಟ್ಟದ ಕಡೆ ನೋಡುತ್ತಾ ಮೊಸರನ್ನದ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ತಿಂದು ಮುಗಿಸುವಷ್ಟರಲ್ಲಿ ಆದರ್ಶ್ ಏದುಸಿರು ಬಿಡುತ್ತಾ ಏರಿ ಹತ್ತಿ ಬಂದ. ಕೈಯಲ್ಲಿ ಒಂದು ಸುತ್ತಿಗೆ, ಅರವತ್ತೈದು ಎಂದು ಬರೆದ ಒಂದು ಬೋರ್ಡು ಇತ್ತು.